ಗಂಜ್‌ನ ಹಮಾಲಿ ಮತ್ತು ನೆಟ್‌ವರ್ಕ್ ಪೋರ್ಟ್

ನೆಟ್ ಸ್ಲೋ ಆದ ಕೂಡಲೇ ನಾವೆಲ್ಲ ಮೊದಲು ಬೈಯುವುದು ಟವರ್‌ಗೆ, ಆಮೇಲೆ ವೈರ್‌ಗೆ. ಬೀದರ್, ಭಾಲ್ಕಿ, ಔರಾದ್, ಎಲ್ಲೇ ಇರಲಿ ಇದರಲ್ಲಿ ಫರಕ್ ಇಲ್ಲ. ಆ ವೈರ್ ಬಂದು ಮುಟ್ಟುವ ಪೋರ್ಟ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಪತ್ರಿಕೋದ್ಯಮ ಓದುವಾಗ ಪೋರ್ಟ್ ಅಂದರೆ 'ಬಂದರು' ಅಂತ ಅನುವಾದ ಮಾಡುತ್ತಿದ್ದೆವು, ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕುಳಿತು! ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್‌ನ ಹಿಂದೆ ನೆಟ್ ವೈರ್ ಸಿಕ್ಕಿಸುವ ಕಿಂಡಿಯ ವಿಷಯ.

ಇದು ನಮ್ಮ ತಲೆಗೆ ಬಂದದ್ದು ಒಬ್ಬ ಗೆಳೆಯನಿಂದ. ಔರಾದ್ ತಾಲ್ಲೂಕಿನವನು, ಇಂಜಿನಿಯರಿಂಗ್ ಮುಗಿಸಿ ಭಾಲ್ಕಿಯಲ್ಲಿ ಫೈಬರ್ ಜೋಡಿಸುವ ಕೆಲಸ ಮಾಡುತ್ತಿದ್ದಾನೆ. ಬೆಂಗಳೂರಿನ ಒಂದು ಸಂದರ್ಶನದಲ್ಲಿ ಅವನಿಗೆ ಕೇಳಿದ್ದು ಇಷ್ಟೇ: "ಡಿಪಿಡಿಕೆಗೆ ಪೋರ್ಟ್ ಕೊಟ್ಟ ಮೇಲೆ ಅದು ಲಿನಕ್ಸ್‌ನಲ್ಲಿ ಯಾಕೆ ಕಾಣುವುದಿಲ್ಲ?" ಉತ್ತರ ಗೊತ್ತಿರಲಿಲ್ಲ, ಕೆಲಸ ಸಿಗಲಿಲ್ಲ. ಬೀದರ್‌ನ ನಮ್ಮ ರೂಮಿನಲ್ಲಿ ಹಳೇ ಕಂಪ್ಯೂಟರ್ ಮುಂದೆ ಎಷ್ಟೋ ಭಾನುವಾರ ಅವನ ಜೊತೆ ನಾವೂ ಕುಳಿತೆವು. ಸೋಯಾ ಮಾರಲು ಗಾಂಧಿ ಗಂಜ್‌ಗೆ ಬಂದಿದ್ದ ಅವನ ಅಪ್ಪ ಒಮ್ಮೆ ಒಳಗೆ ಇಣುಕಿ, "ಏನ್ ಮಾಡ್ಲತ್ತೀರಪ್ಪ ಇಷ್ಟ್ ದಿನದಿಂದ?" ಅಂದರು.

ಗಂಜ್‌ನ ಲೆಕ್ಕದಲ್ಲೇ ಹೇಳಿದೆವು. ಕಾಕಾ, ನೆಟ್‌ನಲ್ಲಿ ಬರುವ ಎಲ್ಲವೂ ಸಣ್ಣ ಸಣ್ಣ ಚೀಲದಲ್ಲಿ ಬರುತ್ತದೆ, ಅದಕ್ಕೆ ಪ್ಯಾಕೆಟ್ ಅಂತಾರೆ. ಮಾಮೂಲಿ ಕಂಪ್ಯೂಟರ್‌ನಲ್ಲಿ ಚೀಲ ಬಂದಾಗ ಗೇಟಿನ ಗಂಟೆ ಬಾರಿಸುತ್ತದೆ. ಲಿನಕ್ಸ್ ಎಂಬ ಮುನೀಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾನೆ, ಚೀಲ ತಪಾಸು ಮಾಡುತ್ತಾನೆ, ಒಳಗೆ ಸಾಗಿಸುತ್ತಾನೆ. ನಮ್ಮ ನಿಮ್ಮ ಮನೆಗೆ ಇದು ಧಾರಾಳ ಸಾಕು. ಆದರೆ 10 ಗಿಗಾಬಿಟ್‌ನ ಒಂದು ಪೋರ್ಟ್‌ಗೆ 64 ಬೈಟ್‌ನ ಚಿಕ್ಕ ಪ್ಯಾಕೆಟ್‌ಗಳು ತುಂಬಿ ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಆಗುತ್ತವೆ. ಒಂದೊಂದಕ್ಕೆ ಸಿಗುವ ಸಮಯ 67 ನ್ಯಾನೋಸೆಕೆಂಡ್. ಅಷ್ಟರಲ್ಲಿ ಮುನೀಮ ಕುರ್ಚಿಯಿಂದ ಏಳುವುದೂ ಆಗದು.

ಡಿಪಿಡಿಕೆ ಮಾಡುವುದು ಏನೆಂದರೆ, ಗೇಟನ್ನು ಮುನೀಮನ ಕೈಯಿಂದ ತೆಗೆದು ಒಬ್ಬ ಹಮಾಲಿಗೆ ಒಪ್ಪಿಸುವುದು. ಕಂಪ್ಯೂಟರ್ ಚಿಪ್‌ನ ಒಂದು ಕೋರ್ ಆ ಹಮಾಲಿ. ಅವನು ಗೇಟಿನಲ್ಲೇ ನಿಂತು "ಬಂತಾ? ಬಂತಾ?" ಅಂತ ನೋಡುತ್ತಲೇ ಇರುತ್ತಾನೆ. ಗಂಟೆಯೂ ಇಲ್ಲ, ಕಾಯುವುದೂ ಇಲ್ಲ. ಗೇಟು ಮುನೀಮನ ಖಾತೆಯಿಂದ ಹೋಯಿತಲ್ಲ, ಅದಕ್ಕೇ ಆ ಪೋರ್ಟ್ ಲಿನಕ್ಸ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಲ್ ಬರದಿದ್ ದಿನಾನೂ ಅವ್ನಿಗಿ ಕೂಲಿ ಕೊಡಬೇಕಲ್ಲ?" ಅಂದರು.

ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಹೌದು, ಕೊಡಲೇಬೇಕು. ಒಂದೂ ಪ್ಯಾಕೆಟ್ ಬರದಿದ್ದರೂ ಆ ಕೋರ್ 100% ಓಡುತ್ತದೆ, ಕರೆಂಟ್ ತಿನ್ನುತ್ತದೆ. ಹಮಾಲಿಗೆ ನಡುವೆ ವಿಶ್ರಾಂತಿ ಕೊಡುವ ವಿಧಾನಗಳೂ ಡಿಪಿಡಿಕೆಯಲ್ಲಿವೆ, ಆದರೆ ಅದರ ಮೂಲ ಗುಣ ಇದೇ. ಹಾಗಾಗಿ ಊರಿನ ಕಂಪ್ಯೂಟರ್ ಸೆಂಟರ್‌ಗೆ ಇದು ಬೇಡ. ಇದರ ಜಾಗ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ, ಮೊಬೈಲ್ ಕಂಪನಿಗಳ ಒಳಗಿನ ಸರ್ವರ್‌ಗಳಲ್ಲಿ. 4ಜಿ, 5ಜಿಯಲ್ಲಿ ಫೋನ್‌ಗಳ ಡೇಟಾವನ್ನು ಇಂಟರ್ನೆಟ್ ಕಡೆ ದಾಟಿಸುವ ಸಾಫ್ಟ್‌ವೇರ್ ಅನೇಕ ಕಡೆ ಡಿಪಿಡಿಕೆ ಮೇಲೆಯೇ ನಿಂತಿದೆ.

ಇನ್ನು ಪೋರ್ಟ್ ಹೊಂದಿಸುವ ಕೆಲಸ. ಮೊದಲು ಬಯಾಸ್‌ನಲ್ಲಿ ಐಒಎಂಎಂಯು ಆನ್ ಮಾಡಬೇಕು. ಕಾರ್ಡ್ ತನಗೆ ಬಿಟ್ಟ ಮೆಮೊರಿ ಬಿಟ್ಟು ಬೇರೆ ಕಡೆ ಬರೆಯದಂತೆ ಕಾಯುವ ಬೇಲಿ ಅದು. ಆಮೇಲೆ ಹ್ಯೂಜ್‌ಪೇಜ್. ಸಾಮಾನ್ಯವಾಗಿ ಲಿನಕ್ಸ್ ಮೆಮೊರಿಯನ್ನು 4 ಕೆಬಿ ತುಂಡುಗಳಲ್ಲಿ ಲೆಕ್ಕ ಇಡುತ್ತದೆ. ಡಿಪಿಡಿಕೆಗೆ 2 ಎಂಬಿ ಅಥವಾ 1 ಜಿಬಿಯ ದೊಡ್ಡ ತುಂಡುಗಳನ್ನು ತೆಗೆದಿಡಬೇಕು. ಜೋಳವನ್ನು ಸೇರಿನಲ್ಲಿ ಅಳೆಯುವ ಬದಲು ಚೀಲದಲ್ಲಿ ಎಣಿಸಿದ ಹಾಗೆ. ನಂತರ ಡೆವ್‌ಬೈಂಡ್ ಎಂಬ ಸಲಕರಣೆಯಿಂದ ಪೋರ್ಟ್‌ನ ವಿಳಾಸ ನೋಡಿ (0000:03:00.0 ಅನ್ನುವ ಥರ ಇರುತ್ತದೆ), ಅದನ್ನು ಲಿನಕ್ಸ್‌ನ ಡ್ರೈವರ್‌ನಿಂದ ಬಿಡಿಸಿ ವಿಎಫ್‌ಐಒ-ಪಿಸಿಐ ಎಂಬ ಡ್ರೈವರ್‌ಗೆ ಕಟ್ಟಬೇಕು. ನೀವು ದೂರದಿಂದ ಲಾಗಿನ್ ಆಗಿರುವ ಪೋರ್ಟನ್ನೇ ಬಿಡಿಸಲು ಹೋದರೆ ಡೆವ್‌ಬೈಂಡ್ ಒಪ್ಪುವುದಿಲ್ಲ. ಜೋರು ಮಾಡಿ 'ಫೋರ್ಸ್' ಕೊಟ್ಟರೆ ಒಪ್ಪುತ್ತದೆ, ಆದರೆ ಸಂಪರ್ಕ ಅಲ್ಲಿಗೇ ಕಟ್. ಮೆಲನಾಕ್ಸ್ ಕಾರ್ಡ್‌ಗಳಿಗೆ ಈ ಬಿಡಿಸುವ ಕಟ್ಟುವ ಗೋಜೇ ಇಲ್ಲ. ಅವು ಲಿನಕ್ಸ್ ಬಳಿ ಇದ್ದುಕೊಂಡೇ ಡಿಪಿಡಿಕೆಗೂ ದುಡಿಯುತ್ತವೆ.

ಪ್ರೋಗ್ರಾಂ ಒಳಗೆ ಒಂದು ಕ್ರಮ ಇದೆ. ಪೋರ್ಟ್‌ಗೆ ಎಷ್ಟು ಸಾಲು ಬೇಕೆಂದು ಮೊದಲು ಹೇಳಬೇಕು, ಆಮೇಲೆ ಒಳಬರುವ ಸಾಲು, ಹೊರಹೋಗುವ ಸಾಲುಗಳನ್ನು ಒಂದೊಂದಾಗಿ ಸಿದ್ಧಮಾಡಬೇಕು, ಕೊನೆಗೆ ಸ್ಟಾರ್ಟ್. ಸಾಲು ಹೆಚ್ಚಿದ್ದರೆ ಒಂದೊಂದು ಸಾಲಿಗೆ ಒಬ್ಬೊಬ್ಬ ಹಮಾಲಿಯನ್ನು ನಿಲ್ಲಿಸಬಹುದು.

ಈ ಕೆಲಸ ಇಂಟೆಲ್‌ನಲ್ಲಿ 2010ರ ಹೊತ್ತಿಗೆ ಶುರುವಾದದ್ದು. ಡಿಪಿಡಿಕೆಯ ಪಿತಾಮಹ ಎಂದು ಕರೆಸಿಕೊಂಡ ವೆಂಕಿ ವೆಂಕಟೇಶನ್ 2018ರಲ್ಲಿ ತೀರಿಕೊಂಡರು. 2017ರಲ್ಲಿ ಯೋಜನೆ ಲಿನಕ್ಸ್ ಫೌಂಡೇಶನ್ ಅಡಿ ಬಂತು, ಬೆಂಗಳೂರಿನಲ್ಲಿ ಸಮಾವೇಶಗಳೂ ನಡೆದವು. ಬೀದರ್‌ನಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ. ಈ ವಿದ್ಯೆ ನಮ್ಮ ಕಡೆ ಬರಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದಿದೆ.

ನಿಮ್ಮ ಮನೆಯಲ್ಲೂ ಇಂಥ ಹುಡುಗ ಹುಡುಗಿಯರು ಇದ್ದರೆ ಒಂದು ಮಾತು ಹೇಳಿ. ಕಲಿಯಲು ಹತ್ತಾರು ಸಾವಿರದ ಕಾರ್ಡ್ ಬೇಕಿಲ್ಲ. ಡಿಪಿಡಿಕೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಟ್ಯಾಪ್, ಪಿಕ್ಯಾಪ್ ಎಂಬ ಬರೀ ಸಾಫ್ಟ್‌ವೇರ್‌ನ ಪೋರ್ಟ್‌ಗಳಿವೆ, ಹ್ಯೂಜ್‌ಪೇಜ್ ಇಲ್ಲದೆ ಓಡಿಸುವ ದಾರಿಯೂ ಇದೆ. ವೇಗ ಸಿಗಲಿಕ್ಕಿಲ್ಲ, ಕ್ರಮ ಮಾತ್ರ ಪೂರ್ತಿ ಕೈಗೆ ಹತ್ತುತ್ತದೆ. ನಮ್ಮ ಗೆಳೆಯ ಈಗ ಭಾಲ್ಕಿಯಲ್ಲಿ ಕೆಲಸ ಮುಗಿಸಿ ಬಂದು, ರಾತ್ರಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಇದನ್ನೇ ಓಡಿಸುತ್ತಿದ್ದಾನೆ. ಕೋರ್ 100% ಆದಾಗ ಫ್ಯಾನ್ ಜೋರಾಗಿ ಕೂಗುತ್ತದೆ, ಮನೆಯವರಿಗೆ ನಿದ್ದೆ ಇಲ್ಲ.