ಬೇಕರಿ ಮಾಮನವರಿಗೆ, ಖಾರಾ ಬಿಸ್ಕತ್ತಿನ ವಿಚಾರವಾಗಿ



ನೀವು ಅಂಗಡಿ ಮುಚ್ಚಿ ಊರಿಗೆ ಹೋದಿರಿ ಅಂತ ಕೆಲವರು, ಮಗನ ಮನೆಗೆ ಹೋದಿರಿ ಅಂತ ಕೆಲವರು. ವಿಳಾಸ ಯಾರ ಹತ್ತಿರವೂ ಇಲ್ಲ. ಹೆಸರೂ ಅಷ್ಟೇ, ದೊಡ್ಡವರಿಗೆ ನೀವು ‘ಅಯ್ಯಂಗಾರ್ರು’, ನಮಗೆ ‘ಬೇಕರಿ ಮಾಮ’. ಅದಕ್ಕೇ ಈ ಕಾಗದವನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಯಾರಾದರೂ ನಿಮಗೆ ಓದಿ ಹೇಳಿಯಾರು.

ವಿಷಯ ಏನೆಂದರೆ, ಖಾರಾ ಬಿಸ್ಕತ್ತು ಹೇಗಿರಬೇಕು ಅನ್ನುವ ಜಗಳ ನಮ್ಮ ಹನುಮಂತನಗರದಲ್ಲಿ ನೀವು ಹೋದ ಮೇಲೆ ಜೋರಾಗಿದೆ. ನೀವಿದ್ದಾಗ ಅನುಮಾನ ಬಂದರೆ ನೂರು ಗ್ರಾಂ ಕಟ್ಟಿಸಿಕೊಂಡು ತಿಂದು ನೋಡಬಹುದಿತ್ತು. ಈಗ ಎಲ್ಲರೂ ನೆನಪಿನ ಮೇಲೆ ವಾದ ಮಾಡುತ್ತಾರೆ. ನೆನಪನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ಬೆಳಗಿನ ವಾಕಿಂಗ್ ಮುಗಿಸಿ ಕಟ್ಟೆ ಮೇಲೆ ಕೂರುವ ರಿಟೈರ್ಡ್ ಮಂದಿಯಲ್ಲಿ ಎರಡು ಪಕ್ಷ. ಒಂದು ಸಕ್ಕರೆಯವರದು. ಕಚ್ಚಿದ ಕೂಡಲೇ ನಾಲಿಗೆಗೆ ಸಣ್ಣಗೆ ಸಿಹಿ, ಹಿಂದೆಯೇ ಉಪ್ಪು, ನುಂಗುವ ಹೊತ್ತಿಗೆ ಹಸಿಮೆಣಸಿನಕಾಯಿ. ಇದು ಅವರ ಕ್ರಮ. ಎದುರು ಪಕ್ಷದವರಿಗೆ ಸಕ್ಕರೆ ಅಂದರೆ ಮೋಸ. ‘ಹೋಟೆಲ್ ಸಾಂಬಾರಿಗೆ ಬೆಲ್ಲ ಹಾಕಿ ಕೆಡಿಸಿದ್ದು ಸಾಲದಾ ಸ್ವಾಮಿ?’ ಎಂದು ಕೇಳುತ್ತಾರೆ. ಕರಿಬೇವು ಇಲ್ಲದಿದ್ದರೆ ಅದು ಖಾರಾ ಬಿಸ್ಕತ್ತೇ ಅಲ್ಲ ಎನ್ನುವವರಿದ್ದಾರೆ, ಕೊತ್ತಂಬರಿ ಸೊಪ್ಪಿನವರಿದ್ದಾರೆ. ಮೆಣಸಿನಕಾಯಿ ಅರೆದು ಹಾಕಬೇಕೋ ಕೊಚ್ಚಿ ಹಾಕಬೇಕೋ ಎಂಬಲ್ಲಿ ಗಂಡ ಹೆಂಡತಿ ಬೇರೆ ಬೇರೆ ಪಕ್ಷ ಸೇರಿದ ಮನೆಯೂ ಒಂದಿದೆ. ಕಾಫಿಗೆ ಅದ್ದುವವರನ್ನು ಮಾತ್ರ ಎಲ್ಲರೂ ಒಗ್ಗಟ್ಟಾಗಿ ಬೈಯುತ್ತಾರೆ. ಅದ್ದುವುದಕ್ಕೆ ರಸ್ಕ್ ಇಲ್ಲವೇ? ಖಾರಾ ಬಿಸ್ಕತ್ತು ಅದ್ದಿದರೆ ಜಿಡ್ಡು ಕಾಫಿಯ ಮೇಲೆ ತೇಲುತ್ತದೆ, ಕಾಫಿಯೂ ಕೆಟ್ಟಿತು, ಬಿಸ್ಕತ್ತೂ ಕೆಟ್ಟಿತು.

ವಿ.ವಿ. ಪುರದ ವಿ.ಬಿ. ಬೇಕರಿಯದೇ ಕೊನೆಯ ಮಾತು ಎಂದು ಯಾರಾದರೂ ತೀರ್ಪು ಕೊಡಲು ಬಂದರೆ, ಮಲ್ಲೇಶ್ವರದಿಂದ ಬಂದು ನೆಲೆಸಿದವರು ತಕರಾರು ತೆಗೆಯುತ್ತಾರೆ. ಹೈದರಾಬಾದಿನವರಿಗೆ ಈ ಕಷ್ಟವಿಲ್ಲ. ಅವರ ಉಸ್ಮಾನಿಯಾ ಬಿಸ್ಕತ್ತಿಗೆ ನಿಜಾಮರ ಹೆಸರೇ ಇದೆ. ಪುಣೆಯವರು ಶ್ರೂಸ್‌ಬೆರಿ ಬಿಸ್ಕತ್ತು ಅಂದರೆ ಕಯಾನಿ ಬೇಕರಿಯ ಕಡೆ ಕೈ ತೋರಿಸುತ್ತಾರೆ. ನಮ್ಮದಕ್ಕೆ ರಾಜನೂ ಇಲ್ಲ, ಮೂಲಸ್ಥಾನವೂ ಇಲ್ಲ. ಬೀದಿಗೊಂದು ಬೇಕರಿ, ಬೇಕರಿಗೊಂದು ಕೈ. ಹಾಗಾಗಿ ಪ್ರತಿಯೊಬ್ಬರಿಗೂ ಅವರವರ ಬೀದಿಯದೇ ಪ್ರಮಾಣ. ನನಗೆ ನಿಮ್ಮದು.

ಸೊಪ್ಪು, ಸಕ್ಕರೆಯ ವಾದದಲ್ಲಿ ನಿಮ್ಮ ಹಿಂದಿನ ಕೋಣೆಯ ಸೌದೆ ಒಲೆಯ ಮಾತೇ ಬರುವುದಿಲ್ಲ ಎಂಬುದು ನನ್ನ ದೂರು. ಇಟ್ಟಿಗೆಯ ಗೂಡಿನೊಳಗೇ ಸರ್ವೆ ಸೌದೆ ಉರಿಸಿ, ಕೆಂಡ ಹೊರಗೆಳೆದು, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ಒಳನೆಲ ಒರೆಸುತ್ತಿದ್ದಿರಿ. ಆಮೇಲೆ ಒಂದು ಚಿಟಿಕೆ ಮೈದಾ ಎರಚಿ ಬಗ್ಗಿ ನೋಡುತ್ತಿದ್ದಿರಿ. ಬಿದ್ದ ಕೂಡಲೇ ಕಪ್ಪಾದರೆ ಬಾಗಿಲು ತೆರೆದಿಟ್ಟು ಒಂದು ಬೀಡಾ ಹಾಕಿಕೊಳ್ಳುವಷ್ಟು ಹೊತ್ತು ಕಾಯುವುದು. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ಡು, ಬನ್ನು ಒಳಕ್ಕೆ. ಅವು ಆದ ಮೇಲೆ ಕೇಕು. ಬಿಸ್ಕತ್ತಿನ ತಗಡುಗಳ ಸರದಿ ಬರುವಾಗ ಒಲೆಯ ಕಾವು ಬಹಳ ಇಳಿದಿರುತ್ತಿತ್ತು. ಎಲ್ಲದರ ಕೊನೆಗೆ ರಸ್ಕ್. ಅದು ರಾತ್ರಿಯಿಡೀ ಒಳಗೇ ಒಣಗುತ್ತಿತ್ತು. ಒಂದು ಸಲ ಉರಿಸಿದ ಸೌದೆಯಲ್ಲಿ ಇಷ್ಟೂ ಕೆಲಸ.

ಆ ಇಳಿಗಾವಿನಲ್ಲೇ ನಿಮ್ಮ ಬಿಸ್ಕತ್ತಿನ ಗುಟ್ಟಿತ್ತು. ಮೈದಾಕ್ಕೆ ಮೊದಲು ಬೆಣ್ಣೆ ತಿಕ್ಕಿದರೆ ಹಿಟ್ಟಿಗೆ ಜಿಡ್ಡು ಹತ್ತಿ ನೀರು ಪೂರ್ತಿ ತಾಕುವುದಿಲ್ಲ, ಅಂಟು ಬಲಿಯುವುದಿಲ್ಲ. ಹಾಗಾಗಿ ಬಿಸ್ಕತ್ತು ಬಾಯಲ್ಲಿ ಪುಡಿಯಾಗುತ್ತದೆ. ಮೊಟ್ಟೆ ಇಲ್ಲದ ಕೊರತೆಯನ್ನು ಮೊಸರಿನ ಹುಳಿಯೂ ಅಡುಗೆ ಸೋಡಾವೂ ಸೇರಿ ತುಂಬುತ್ತವೆ. ಇಷ್ಟು ಯಾರ ಮನೆಯಲ್ಲಾದರೂ ಆಗುತ್ತದೆ. ಆದರೆ ಮೇಲೆ ಸೀಯುವ ಮುಂಚೆ ಒಳಗಿನ ನೀರು ಆರಬೇಕಲ್ಲ, ಅದಕ್ಕೆ ಅವಸರವಿಲ್ಲದ ಕಾವು ಬೇಕು. ಇಂಥ ಕಾವಿನಲ್ಲಿ ಬೆಂದದ್ದು ಅಂಚಿನಲ್ಲೂ ನಡುವಿನಲ್ಲೂ ಒಂದೇ ಸದ್ದಿಗೆ ಮುರಿಯುತ್ತದೆ. ಮುರಿದು ತಗಡಿನ ತಳಕ್ಕೆ ಬಿದ್ದ ಪುಡಿಯನ್ನು ಕಾಗದದ ಚೂರಿಗೆ ಸುರಿದು ಶಾಲೆಯಿಂದ ಬರುವ ನಮಗೆ ಪುಕ್ಕಟೆ ಕೊಡುತ್ತಿದ್ದಿರಿ. ಅದರಲ್ಲಿ ಮೆಣಸಿನಕಾಯಿ ಚೂರು ಜಾಸ್ತಿ, ಬಿಸ್ಕತ್ತು ಕಮ್ಮಿ. ಮೂಗಿನಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಸಲ ಕೈಯೊಡ್ಡುತ್ತಿದ್ದೆವು.

ಖಾರ ತಡವಾಗಿ ಹತ್ತುವುದಕ್ಕೂ ಕಾರಣವಿದೆ, ಮಾಮ. ಸಕ್ಕರೆ, ಉಪ್ಪು ಎಂಜಲು ತಾಕಿದ ಕೂಡಲೇ ಕರಗುತ್ತವೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬೆಣ್ಣೆಯೊಳಗೆ ಸೇರಿಕೊಂಡ ಖಾರ ಬಾಯಲ್ಲಿ ಬೆಣ್ಣೆ ಕರಗುತ್ತಾ ಹೊರಗೆ ಬರುತ್ತದೆ. ಸಿಹಿ ಮೊದಲು, ಖಾರ ಆಮೇಲೆ ಎನ್ನುವ ಪಕ್ಷದವರಿಗೆ ಈ ಮಾತು ಹೇಳಿದೆ. ಎಲೆಕ್ಷನ್ ಗೆದ್ದವರ ಹಾಗೆ ಬೀಗಿದರು.

ಬೆಣ್ಣೆ ಎಂದೆನಲ್ಲ, ಪೂರ್ತಿ ಬೆಣ್ಣೆಯೇ ಅಂತ ನೀವು ಯಾವತ್ತೂ ಹೇಳಿದವರಲ್ಲ. ಹಿಂದಿನ ಕೋಣೆಯಲ್ಲಿ ಹಳದಿ ಡಾಲ್ಡಾ ಡಬ್ಬ ಇದ್ದದ್ದು ಬೀದಿಗೆಲ್ಲ ಗೊತ್ತು. ವನಸ್ಪತಿ ಅಗ್ಗ, ಬಿಸ್ಕತ್ತು ಹೆಚ್ಚು ದಿನ ತಾಳುತ್ತಿತ್ತು. ಈಗ ಡಾಕ್ಟರುಗಳೂ ಕಾನೂನೂ ಅದರ ಹಿಂದೆ ಬಿದ್ದಿವೆ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ 2ನ್ನು ಮೀರುವ ಹಾಗಿಲ್ಲ. ‘ಆ ಕಾಲದ ಶುದ್ಧ ಬೆಣ್ಣೆ ರುಚಿ’ ಎಂದು ನಿಟ್ಟುಸಿರು ಬಿಡುವವರನ್ನು ಕಂಡಾಗ ನನಗೆ ಆ ಹಳದಿ ಡಬ್ಬ ಕಣ್ಣಿಗೆ ಕಟ್ಟುತ್ತದೆ.

ಇನ್ನು ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡಿನ ವಿಚಾರ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಅವರ ಹಿಂದೆ ಹಾಸನ ಸೀಮೆಯಿಂದ ನಂಟರಿಗೆ ನಂಟರು ಬಂದು ಈ ಕಸುಬು ಹಿಡಿದರು. ಮೊಟ್ಟೆ ಮುಟ್ಟದ ಮನೆಗಳಿಗೆ ‘ಅಯ್ಯಂಗಾರ್’ ಎಂಬ ಬೋರ್ಡೇ ಧೈರ್ಯ. ಬ್ರೆಡ್ಡು ಅಂದರೆ ಜ್ವರದವರಿಗೆ ಎನ್ನುತ್ತಿದ್ದ ಮಡಿ ಮನೆಗಳೊಳಕ್ಕೂ ಬನ್ನು, ಬಿಸ್ಕತ್ತು ಆ ಬೋರ್ಡು ಹಿಡಿದೇ ಹೋದವು. ಅದರ ಹಿಂದೆ ಜಾತಿಯ ಲೆಕ್ಕ ಇತ್ತು, ಮುಚ್ಚಿಡುವಂಥದ್ದೇನಿಲ್ಲ. ಇವತ್ತು ಅದೇ ಬೋರ್ಡು ಯಾವ ಜಾತಿಯವರ ಅಂಗಡಿ ಮೇಲಾದರೂ ಇರುತ್ತದೆ, ಕೆಲವು ಕಡೆ ಒಳಗೆ ಎಗ್ ಪಫ್ಸೂ ಸಿಗುತ್ತದೆ. ‘ಇದು ನಿಜವಾದ ಅಯ್ಯಂಗಾರ್ ಬೇಕರಿ ಅಲ್ಲ’ ಎಂದು ಮೂಗು ಮುರಿಯುವವರಿಗೆ ನಾನು ಕೇಳುವುದು ಒಂದೇ. ಮಾಮನ ಬೇಕರಿಯಲ್ಲಿ ನಡುರಾತ್ರಿ ಎದ್ದು ಹಿಟ್ಟು ನಾದುತ್ತಿದ್ದ ಹುಡುಗರ ಜಾತಿಯನ್ನು ಯಾರಾದರೂ ವಿಚಾರಿಸಿದ್ದರಾ? ರುಚಿಯಲ್ಲಿ ಅರ್ಧ ಪಾಲು ಆ ತೋಳುಗಳದು.

ನೀವು ಯಾಕೆ ಹೋದಿರಿ ಎಂಬುದಕ್ಕೂ ಇಲ್ಲಿ ಕಾರಣಗಳಿಗೆ ಬರವಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ಹೊಗೆಯ ಮೇಲೆ ದೂರು ಕೊಟ್ಟರು, ಸೌದೆ ದುಬಾರಿಯಾಯಿತು, ಬಾಡಿಗೆ ಏರಿತು. ಎಲ್ಲ ನಿಜವೇ. ಆದರೆ ಮಗನನ್ನು ಒಲೆಯ ಹತ್ತಿರಕ್ಕೂ ಬಿಡದವರು ನೀವೇ ಅಲ್ಲವೇ? ಅವನು ಹಿಂದಿನ ಕೋಣೆಗೆ ಕಾಲಿಟ್ಟರೆ ‘ಓದ್ಕೋ ಹೋಗೋ’ ಎಂದು ಗದರುತ್ತಿದ್ದಿರಿ. ನಿಮ್ಮ ಮುಂಗೈ ಮೇಲೆ ತಗಡು ತಾಗಿ ಆದ ಸುಟ್ಟ ಗೆರೆಗಳನ್ನು ಕೌಂಟರಿನ ಮೇಲೆ ಚಿಲ್ಲರೆ ಎಣಿಸುವಾಗ ನಾವೂ ನೋಡುತ್ತಿದ್ದೆವು. ಅವನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ದಿನ ಬಂದವರಿಗೆಲ್ಲ ಬೆಣ್ಣೆ ಬಿಸ್ಕತ್ತು ಹಂಚಿದಿರಿ. ಅಂಗಡಿ ಮುಚ್ಚುವುದು ಅವತ್ತೇ ನಿಶ್ಚಯವಾಯಿತು ಎಂದು ನನ್ನ ಎಣಿಕೆ.

ಈಗ ‘ಪರಂಪರೆ ಹೋಯ್ತು’ ಎಂದು ಹಲುಬುವವರಲ್ಲಿ ಎಷ್ಟೋ ಜನ ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗಿಬರುವವರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕಾಂಗ್ರೆಸ್ ಕಡಲೆಬೀಜದ ನಡುವೆ ಎರಡು ಪೊಟ್ಟಣ ಖಾರಾ ಬಿಸ್ಕತ್ತು ತುರುಕಿ, ತೂಕ ಮೀರಿತೇ ಎಂದು ಎತ್ತೆತ್ತಿ ನೋಡುತ್ತಾರೆ. ಅವರ ಮಕ್ಕಳು ಸನ್ನಿವೇಲಿನಲ್ಲಿ ಮನೆ ಮಾಡಬೇಕು, ನಿಮ್ಮ ಮಗ ಮಾತ್ರ ಇಲ್ಲಿ ಒಲೆಯ ಮುಂದೆ ಬೇಯುತ್ತಾ ಇವರ ಬಾಲ್ಯವನ್ನು ಕಾಪಾಡಬೇಕು. ಇದು ಯಾವ ಸೀಮೆ ನ್ಯಾಯ? ನೀವು ಹೋದದ್ದು ಸರಿಯಾಗಿಯೇ ಹೋದಿರಿ. ವಾಪಸು ಬನ್ನಿ ಎಂದು ಕರೆಯುವುದಕ್ಕೆ ಈ ಕಾಗದ ಬರೆದಿಲ್ಲ.

ಬರೆದದ್ದು ಒಂದು ಕೆಲಸದ ಮಾತಿಗೆ. ನಿಮ್ಮ ಎದುರು ಸಾಲಿನಲ್ಲಿ ಹೊಸ ಬೇಕರಿ ಬಂದಿದೆ. ಚನ್ನರಾಯಪಟ್ಟಣದ ಕಡೆಯವನು, ಅಯ್ಯಂಗಾರನಲ್ಲ, ಬೋರ್ಡು ಮಾತ್ರ ಅದೇ. ಕರೆಂಟಿನ ಒಲೆ. ಅವನ ಬಿಸ್ಕತ್ತು ಮೇಲೆ ಕೆಂಪಗೆ, ನಡುವೆ ಮೆತ್ತಗೆ. ಬನ್ನು ತೆಗೆದ ಮೇಲೆ ಕಾವು ಇಳಿಸಿ ಇಡಪ್ಪ, ಕೊನೆಗೆ ಸ್ವಿಚ್ಚು ಆರಿಸಿ ಉಳಿದ ಬಿಸಿಯಲ್ಲೇ ಬಿಡು ಎಂದೆ. ಗಿರಾಕಿಗಳ ಉಪದೇಶ ಕೇಳಿ ಕೇಳಿ ಸಾಕಾದವನ ಮುಖ ಮಾಡಿದ. ಕರೆಂಟ್ ಬಿಲ್ಲೂ ಉಳಿಯುತ್ತೆ ಅಂದ ಮೇಲೆ ಕಿವಿ ನೆಟ್ಟಗಾಯಿತು. ಈಗ ಬಿಸ್ಕತ್ತು ಸರಿಯಾಗಿ ಮುರಿಯುತ್ತಿದೆ. ಅವನು ಪುದೀನ ಬೇರೆ ಹಾಕುತ್ತಾನೆ. ಕಟ್ಟೆಯ ಎರಡೂ ಪಕ್ಷದವರು ಸೇರಿ ಅದನ್ನು ಖಂಡಿಸಿದ್ದಾರೆ. ಟ್ಯೂಷನ್ನಿಗೆ ಹೋಗುವ ಹುಡುಗರು ಮಾತ್ರ ಅದನ್ನೇ ಕೇಳಿ ಕೊಳ್ಳುತ್ತಾರೆ. ಮುಂದೊಂದು ದಿನ ಅವರು ನರೆತ ತಲೆಯಲ್ಲಿ ಇದೇ ಕಟ್ಟೆಯ ಮೇಲೆ ಕೂತು, ಪುದೀನ ಇಲ್ಲದ್ದು ಖಾರಾ ಬಿಸ್ಕತ್ತೇ ಅಲ್ಲ ಎಂದು ಜಗಳವಾಡುವುದರಲ್ಲಿ ನನಗೆ ಅನುಮಾನವಿಲ್ಲ.

ಅವನಿಗೆ ಇನ್ನೂ ಕೂಡಿಬಾರದಿರುವುದು ಸಕ್ಕರೆ. ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ಕಿಲೋ ಮೈದಾಕ್ಕೆ ನೀವು ಎಷ್ಟು ಹಾಕುತ್ತಿದ್ದಿರಿ? ನಿಮ್ಮ ಕೈಯಳತೆ ಅವನಿಗೆ ಸಿಕ್ಕಲಿ; ಅವನ ಮಗಳು ಬಿ.ಕಾಂ. ಓದುತ್ತಿದ್ದಾಳೆ, ಅವಳಂತೂ ಒಲೆ ಮುಂದೆ ನಿಲ್ಲುವುದಿಲ್ಲ, ಇರುವಷ್ಟು ದಿನ ಅವನಾದರೂ ಸರಿಯಾಗಿ ಮಾಡಲಿ. ಒಂದು ಸಾಲು ಬರೆದರೆ ಸಾಕು, ಅವನ ಕೈಗೆ ಕೊಡುತ್ತೇನೆ. ಕಟ್ಟೆಯವರಿಗೆ ಮಾತ್ರ ಹೇಳುವುದಿಲ್ಲ. ಉತ್ತರ ಗೊತ್ತಾಗಿಬಿಟ್ಟರೆ ಅವರು ಬೆಳಗಿನ ಹೊತ್ತು ಏನು ಮಾಡಬೇಕು?

ಇಂತಿ ನಿಮ್ಮ,
ಪುಡಿ ಬಿಸ್ಕತ್ತಿನ ಗಿರಾಕಿಗಳಲ್ಲಿ ಒಬ್ಬ