ಒಂದು ತಂಬಿಗೆ ನೀರು

ನಮ್ಮ ಮನೆಯಲ್ಲಿ ಮೋಟಾರಿನ ಮಾತು ಎದ್ದಾಗ ಬಾಯಿ ಹಾಕದವಳೆಂದರೆ ನಮ್ಮ ಅವ್ವ ಒಬ್ಬಳೇ. ಉಳಿದವರೆಲ್ಲ ಪಂಡಿತರು. ನಾಲವಾರವೇನೂ ಮೋಟಾರುಗಳಿಗೆ ಹೆಸರಾದ ಊರಲ್ಲ. ಕೋರಿಸಿದ್ಧೇಶ್ವರ ಮಠದ ಜಾತ್ರೆಯ ದಿನಗಳನ್ನು ಬಿಟ್ಟರೆ ಸಾಲುಗಟ್ಟಿ ನಿಂತ ಕಾರುಗಳನ್ನು ಇಲ್ಲಿ ಕಾಣುವುದು ಅಪರೂಪ. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಗಳು ನಮ್ಮನ್ನು ಲೆಕ್ಕಕ್ಕೇ ಹಿಡಿಯದೆ ಹಾದುಹೋಗುತ್ತವೆ. ಆದರೆ ಮಾತಿಗೆ ಗಾಡಿಗಳ ಸಂಖ್ಯೆ ಮುಖ್ಯವಲ್ಲ. ಓಣಿಗೆಲ್ಲ ಒಂದೇ ಕಾರು ಇದ್ದ ಕಾಲದಲ್ಲಿ ಅದರ ಮೇಲೆ ಎಷ್ಟು ಮಾತು ಹುಟ್ಟಿತ್ತೋ, ಈಗ ಮನೆಗೊಂದು ಬಂದರೂ ಅಷ್ಟು ಹುಟ್ಟಿಲ್ಲ. ಆ ಒಂದು ಕಾರು ನಮ್ಮದಾಗಿತ್ತು.

ನಮ್ಮ ಅಪ್ಪನದು ಫರಸಿ ಕಲ್ಲಿನ ವ್ಯಾಪಾರ. ಜನ ಶಹಾಬಾದಿ ಕಲ್ಲು ಎಂದು ಪಡಸಾಲೆಗೆ ಹಾಸಿಕೊಳ್ಳುತ್ತಾರಲ್ಲ, ಅದು ಶಹಾಬಾದಿನ ಒಡಲಿನದಷ್ಟೇ ಅಲ್ಲ. ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ನೆಲವನ್ನು ಕೆದಕಿದರೂ ಅದೇ ಕಲ್ಲು. 1969ರಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಅಪ್ಪ ಸಿಕಂದರಾಬಾದಿನಿಂದ ಒಂದು ಹಳೆಯ ಕಾರು ಕೊಂಡು ತಂದರು. ಯಾವ ಕಂಪೆನಿಯದೆಂದು ನಾನು ಹೇಳುವುದಿಲ್ಲ. ಮನೆಯ ಹಿರಿಯರ ಕುಂದನ್ನು ಹೆಸರು ಹಿಡಿದು ಆಡಬಾರದು. ಆಗ ನಮ್ಮಂಥವರು ಆರಿಸಿಕೊಳ್ಳಲು ಇದ್ದವಾದರೂ ಎಷ್ಟು? ಉತ್ತರಪಾರಾದ ಅಂಬಾಸಿಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಒಂದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಒಂದು ಇಟಲಿಯದು, ಇನ್ನೊಂದು ಇಂಗ್ಲೆಂಡಿನ ಟ್ರಯಂಫ್. ಅಲ್ಲಿ ಹಳತಾದದ್ದು ಇಲ್ಲಿಗೆ ಬಂದು ಹೊಸತಾಗಿ ಬಾಳಿತು. ಅಂಬಾಸಿಡರ್ ನಿಂತದ್ದು 2014ರಲ್ಲಿ. ಅದನ್ನು ಮೂಲೆಗೆ ತಳ್ಳಿದ ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಗುಲಬರ್ಗಾ ಎಂಬ ಹೆಸರು ಹೋಗಿ ಕಲಬುರಗಿ ಎಂದಾದದ್ದೂ ಆ ವರ್ಷವೇ. ನನ್ನ ವಯಸ್ಸಿನವನಿಗೆ ಒಂದೇ ವರ್ಷದಲ್ಲಿ ಇಷ್ಟೆಲ್ಲ ಆಗಬಾರದಾಗಿತ್ತು.

ಭಾನುವಾರ ಸಂಜೆ ವಾಡಿಯಲ್ಲಿ ಒಬ್ಬ ಉಸ್ತಾದರ ಶೆಡ್ಡಿನ ಮುಂದೆ ನಾವು ಹಳಬರು ಕೂಡುತ್ತೇವೆ. ಚಹಾ ಬರುವುದರೊಳಗೆ ಹೊಸ ಕಾರುಗಳೆಲ್ಲ ಡಬ್ಬಿಗಳೆಂದು ತೀರ್ಮಾನವಾಗಿರುತ್ತದೆ. ಆ ಚೋಕು, ಆ ಹ್ಯಾಂಡಲು, ಸ್ಟೀರಿಂಗಿನ ಮಗ್ಗುಲಿಗಿದ್ದ ಆ ಗೇರು, ಗುದ್ದಿದರೆ ಗೋಡೆಯೇ ಬೀಳುತ್ತಿದ್ದ ಆ ತಗಡು! ನಮ್ಮಲ್ಲೊಬ್ಬರು ಮಾತನ್ನು ನಿಜಾಮರ ರೋಲ್ಸ್ ರಾಯ್ಸಿಗೆ ಒಯ್ಯದೆ ಬಿಡುವವರಲ್ಲ. ಹಳದಿ ಬಣ್ಣದ, ಒಳಗೆ ಸಿಂಹಾಸನವಿರುವ, 1912ರ ಗಾಡಿ ಅದು. ಆರನೆಯ ನಿಜಾಮರು ಹೇಳಿ ಮಾಡಿಸಿದ್ದು, ಬರುವುದರೊಳಗೆ ಅವರೇ ತೀರಿಕೊಂಡಿದ್ದರು. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಈಗಲೂ ಅದನ್ನು ನೋಡಬಹುದು. "ಇವತ್ತಿಗೂ ಹ್ಯಾಂಗ ಹೊಳೀತದ ನೋಡ್ರಿ" ಎನ್ನುತ್ತಾರೆ ಅವರು. ಅದು ತನ್ನ ಜನ್ಮದಲ್ಲಿ ಓಡಿದ್ದು ಕೆಲವು ನೂರು ಮೈಲಿ ಮಾತ್ರ. ಓಡದ ಗಾಡಿ ಕೆಡುವುದೆಂತು ಎಂದು ಕೇಳಬೇಕೆನಿಸುತ್ತದೆ; ಹಿರಿಯರೆಂದು ಸುಮ್ಮನಿರುತ್ತೇನೆ.

ಈ ಸಲ ಜಾತ್ರೆಗೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಬಂದ. ಹ್ಯುಂಡೈ ಐ20 ಎನ್ ಲೈನ್ ಎಂದು ಅದರ ಹೆಸರು. ನೋಡಲು ಪುಟ್ಟದು. ಅಂಬಾಸಿಡರಿನ 1489 ಸಿ.ಸಿ. ಎಂಜಿನು ಸುಮಾರು 50 ಅಶ್ವಶಕ್ತಿ ಕೊಡುತ್ತಿದ್ದರೆ, ಇದು 998 ಸಿ.ಸಿ.ಯಲ್ಲೇ 120ರ ಹತ್ತಿರ ಕೊಡುತ್ತದಂತೆ. ಹೊಟ್ಟೆ ಚಿಕ್ಕದು, ಕಸುವು ಎರಡು ಪಾಲಿಗಿಂತ ಹೆಚ್ಚು. ಹೇಗೆಂದು ಕೇಳಿದೆ. ಹೊರಗೆ ಬೀಸಾಡಿ ಹೋಗುವ ಹೊಗೆಯಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಎಂಜಿನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತಾರಂತೆ. ಟರ್ಬೋ ಎಂಬುದು ಇದೇ. ಮನೆಯ ಕಸವನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹಾಕುವ ಒಕ್ಕಲಿಗನ ಬುದ್ಧಿ, ಒಪ್ಪಿದೆ. ಯಾದಗಿರಿಯ ಕಡೆಗೆ ಒಂದಿಷ್ಟು ದೂರ ಕೂರಿಸಿಕೊಂಡೂ ಹೋದ. ಕಾಲು ಒತ್ತಿದೊಡನೆ ಯಾರೋ ಎದೆಗೆ ಕೈ ಕೊಟ್ಟು ಸೀಟಿಗೆ ತಳ್ಳಿದಂತಾಯಿತು. ಎರಡೂ ಕಡೆಯ ತೊಗರಿ ಹೊಲಗಳು ಹಸಿರೋ ಹಳದಿಯೋ ತಿಳಿಯಲಿಲ್ಲ.

ತಗಡಿನ ವಿಷಯವನ್ನೂ ಎತ್ತಿದೆ. ಗುದ್ದಿದಾಗ ಹಳೆಯ ಗಾಡಿ ಜಗ್ಗುತ್ತಿರಲಿಲ್ಲ, ಅದರ ಪೆಟ್ಟೆಲ್ಲ ಒಳಗೆ ಕುಳಿತವರ ಮೈಗೆ ಬೀಳುತ್ತಿತ್ತು. ಈಗಿನದರ ಮೂತಿ ತಾನೇ ಮುದುಡಿ ಪೆಟ್ಟನ್ನು ನುಂಗಿಕೊಳ್ಳುತ್ತದೆ ಎಂದು ಅವನು ವಿವರಿಸಿದ. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಸೋತವನು ಕೊನೆಗೆ ಹಿಡಿಯುವ ದಾರಿಯನ್ನೇ ಹಿಡಿದೆ. "ಎಲ್ಲಾ ಖರೇ. ಆದ್ರ ನಿನ್ನ ಗಾಡ್ಯಾಗ ನನಗೇನು ಕೆಲಸ ಅದ? ನಮ್ಮ ಗಾಡಿಗೆ ನಾವು ಬೇಕಾಗ್ತಿದ್ವಿ" ಎಂದೆ.

ಈ ಮಾತನ್ನು ನಾನು ಶೆಡ್ಡಿನ ಮುಂದೆ ಎಷ್ಟೋ ಸಲ ಆಡಿದ್ದೇನೆ. ಆಡಿದಾಗಲೆಲ್ಲ ತಲೆಗಳು ತೂಗಿವೆ.

ಹುಡುಗ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ತಗಡಿನ ಕೊಟ್ಟಿಗೆಯಲ್ಲಿ ನಿಂತಿರುವ ನಮ್ಮ ಹಳೆಯ ಗಾಡಿಗೆ 50 ವರ್ಷ ದಾಟಿದೆ. ಅಂಥವನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ದಿನವೂ ಓಡಿಸುವಂತಿಲ್ಲ. ಧರ್ಮಸ್ಥಳದಲ್ಲಿ ಸಾಲಾಗಿ ನಿಲ್ಲಿಸಿರುವ ಹಳೆಯ ಕಾರುಗಳನ್ನು ಕಂಡು ಬಂದಂದಿನಿಂದ ನನಗೂ ಆಸೆ ಹುಟ್ಟಿತ್ತು. ಸಂಜೆ ಅಂಗಳದಲ್ಲಿ ಅರ್ಜಿಯನ್ನು ಹರಡಿಕೊಂಡು ಕುಳಿತೆವು. ಅವ್ವ ಆಚೆ ಮರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಗಾಡಿಯ ಕತೆ ಏನಾದರೂ ಹೇಳು ಎಂದ ಹುಡುಗ. ನನಗೆ ಅಷ್ಟೇ ಬೇಕಾಗಿತ್ತು.

1972ರ ಮೇ ತಿಂಗಳು. ಅವ್ವನಿಗೆ ಮೈ ನೆಟ್ಟಗಿರಲಿಲ್ಲವೆಂದು ಗುಲಬರ್ಗಾಕ್ಕೆ ಹೊರಟಿದ್ದೆವು. ನನಗೆ ಎಂಟು ವರ್ಷ. ವಾಡಿ ದಾಟಿ ಕಾಗಿಣೆ ಇನ್ನೂ ಬಂದಿಲ್ಲ, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನೆಲವೆಲ್ಲ ಕಲ್ಲು, ಕಾದ ಹೆಂಚು. ಅಪ್ಪ ಬಾನೆಟ್ ಎತ್ತಿ, ಒಂದು ಅರಿವೆಯನ್ನು ಪೆಟ್ರೋಲ್ ಪಂಪಿಗೆ ಸುತ್ತಿ, "ನೀರು ಹಾಕೋ" ಎಂದರು. ತಂಬಿಗೆ ಹಿಡಿದು ಹನಿಹನಿಯಾಗಿ ಸುರಿದವನು ನಾನು. ಅಷ್ಟು ದೊಡ್ಡ ಗಾಡಿ ನನ್ನ ಕೈಯ ತಂಬಿಗೆಗೆ ಕಾದು ನಿಂತಿದೆ! ಬಹಳ ಹೊತ್ತಿನ ಮೇಲೆ ರೈಲ್ವೆ ಗ್ಯಾಂಗಿನ ಆಳುಗಳು ಬಂದರು. ಆರು ಜನ ನೂಕಿದರು. ಒಬ್ಬನ ರುಮಾಲು ಬಿತ್ತು, ಇನ್ನೊಬ್ಬನು ಗಾಡಿಯೊಂದಿಗೆ ತಾನೂ ಓಡಿ ಚಪ್ಪಲಿ ಕಳೆದುಕೊಂಡ. ಗಾಡಿ ಚಾಲೂ ಆಯಿತು. ಅಪ್ಪ ಇರುವವರೆಗೂ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ನಾನೂ ಅಲ್ಲಿಗೇ ನಿಲ್ಲಿಸಿದೆ.

ಹುಡುಗ ಹೊಟ್ಟೆ ತುಂಬ ನಕ್ಕ. ಆಮೇಲೆ, "ಕಾಕಾ, ಪೆಟ್ರೋಲ್ ಕಾದು ಪೈಪಿನಾಗೇ ಆವಿ ಆಗಿತ್ತು. ಆಗಿನ ಪಂಪು ಎಂಜಿನ್ನಿನ ಮಗ್ಗಲಾಗಿರ್ತಿತ್ತು, ಟ್ಯಾಂಕಿನಿಂದ ಎಳಕೋತಿತ್ತು. ಆವಿ ಎಳೀಲಿಕ್ಕೆ ಅದಕ್ಕ ಬರ್ತಿರಲಿಲ್ಲ. ಈಗ ಪಂಪು ಟ್ಯಾಂಕಿನೊಳಗೇ ಇರ್ತದ. ಎಳಿಯೂದಲ್ಲ, ಒತ್ತಿ ದೂಡ್ತದ. ಈಗ ಹಂಗ ಆಗೂದೇ ಇಲ್ಲ" ಎಂದ.

ಮರದ ಸಪ್ಪಳ ನಿಂತಿತು.

"ಆಗೂದೇ ಇಲ್ಲೇನು?" ಎಂದಳು ಅವ್ವ.

"ಇಲ್ಲ ಆಯಿ."

"ಎಂಥ ಬಿಸಲಾಗೂ?"

"ಎಂಥ ಬಿಸಲಾಗೂ."

ಅವ್ವ ಬೇಳೆಯಲ್ಲಿನ ಹರಳೊಂದನ್ನು ಆರಿಸಿ ಹೊರಗೆ ಎಸೆದಳು. "ಅದು ಕೂಸಿನ ಅರಿವಿ ಆಗಿತ್ತು" ಎಂದಳು. "ಗಂಟಿನಾಗಿಂದ ಎಳಕೊಂಡ್ರು ನಿಮ್ಮಪ್ಪ. ಇದ್ದ ನೀರೂ ಅದಕ್ಕೇ ಹಾಕಿದ್ರಿ. ನನಗ ನೀರಡಿಕಿ ಆಗಿತ್ತು. ಹ್ಯಾಂಗ ಕೇಳಬೇಕು?" ಮತ್ತೆ ಮರವನ್ನು ಕೈಗೆತ್ತಿಕೊಂಡಳು.

ಓದುಗರಿಗೆ ಇಷ್ಟಾದರೂ ಹೇಳಬೇಕು. ಅಂದು ಬೆಳಗ್ಗೆಯೇ ಅವ್ವನಿಗೆ ನೋವು ಕಾಣಿಸಿಕೊಂಡಿತ್ತು. ಸೂಲಗಿತ್ತಿ ತನ್ನಿಂದಾಗದು, ಗುಲಬರ್ಗಾಕ್ಕೆ ಒಯ್ಯಿರಿ ಎಂದಿದ್ದಳು. ಆಸ್ಪತ್ರೆ ಮುಟ್ಟಿದಾಗ ಕತ್ತಲಾಗಿತ್ತು. ಕೂಸು ಹೆಣ್ಣು, ಉಳಿಯಲಿಲ್ಲ. ಹೊತ್ತಿಗೆ ಮುಟ್ಟಿದ್ದರೆ ಉಳಿಯುತ್ತಿತ್ತೇ ಎಂದು ಅಪ್ಪ ಯಾರನ್ನೂ ಕೇಳಿದ್ದನ್ನು ನಾನು ಕಾಣೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ, ಆರು ಜನ ನೂಕಿದ ಕತೆಯೇ ಬೇರೆ, ಇದೇ ಬೇರೆ ಎಂಬಂತೆ ಐವತ್ತು ವರ್ಷ ಇಟ್ಟುಕೊಂಡಿದ್ದೆ. ಯಾವ ಗಾಡಿ ಹತ್ತಿದರೂ, ಬಸ್ಸಾದರೂ, ಅವ್ವ ಒಂದು ತಂಬಿಗೆ ನೀರು ಹಿಡಿದುಕೊಂಡೇ ಬರುತ್ತಾಳೆ. ಬಾಟಲಿ ಸಿಗುವ ಕಾಲದಲ್ಲಿ ಇದೇನು ಹಟವೆಂದು ಅವಳನ್ನು ನಗೆಯಾಡಿದವರಲ್ಲಿ ನಾನೇ ಮೊದಲಿಗ.

ಅರ್ಜಿ ಈಗಲೂ ಕಪಾಟಿನಲ್ಲಿದೆ. ತುಂಬಬಾರದೆಂದೇನೂ ಇಲ್ಲ, ಗಾಡಿಯ ಮೇಲೆ ನನಗಿರುವ ಅಕ್ಕರೆ ಕಡಿಮೆಯಾಗಿಲ್ಲ. ಶೆಡ್ಡಿನ ಮುಂದೆ ಮಾತ್ರ ಈಚೆಗೆ ಚಹಾ ಕುಡಿದು ಬೇಗ ಎದ್ದುಬಿಡುತ್ತೇನೆ.

ಮರುದಿನ ಅವ್ವನ ಕಣ್ಣು ತೋರಿಸುವುದಕ್ಕೆ ಕಲಬುರಗಿಗೆ ಹೋಗಬೇಕಾಗಿತ್ತು. ಅವ್ವ ಎಂದಿನಂತೆ ತಂಬಿಗೆಯೊಂದಿಗೆ ಬಂದಳು. ಆ ಕಾರಿನಲ್ಲಿ ಬಾಟಲಿಗೆ ಜಾಗವಿದೆ, ಫೋನಿಗೆ ಜಾಗವಿದೆ. ತಂಬಿಗೆ ಚೆಲ್ಲದಂತೆ ಇಡುವುದಕ್ಕೆ ಜಾಗವಿಲ್ಲ. ಹುಡುಗ ಅತ್ತಿತ್ತ ನೋಡಿದ. ಆಮೇಲೆ ಏನೂ ಅನ್ನದೆ ಅದನ್ನು ಅವ್ವನಿಂದ ಇಸಿದುಕೊಂಡು, ಮುಂದಿನ ಸೀಟಿನಲ್ಲಿದ್ದ ನನ್ನ ಕೈಗೆ ಕೊಟ್ಟ. ವಾಡಿ ಹೋಯಿತು. ಕಾಗಿಣೆಯ ಸೇತುವೆ ಬಂದು ಹೋಯಿತು. ಹುಡುಗ ಗಾಡಿಯನ್ನು ಮೆಲ್ಲಗೇ ಬಿಡುತ್ತಿದ್ದ. ಶಹಾಬಾದಿನ ಹತ್ತಿರ ಅವ್ವ ಹಿಂದಿನಿಂದ ನೀರು ಕೇಳಿದಳು.