ಮಣಭಾರದ ಸಿಂಕು

ಅಡುಗೆಮನೆಯ ಬಗ್ಗೆ ಬರೆಯುವವರೆಲ್ಲ ಒಲೆಯ ಮುಂದೆಯೇ ಕೂತುಬಿಡುತ್ತಾರೆ. ಒಲೆಗೆ ಬೆಂಕಿಯ ಸೊಬಗಿದೆ, ಒಗ್ಗರಣೆಯ ಘಮವಿದೆ. ಕಣ್ಣು ಅತ್ತ ಹರಿಯುವುದು ಸಹಜ. ಮುಸುರೆ ಬೀಳುವ ಮೂಲೆಯನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕ ತೆಗೆದರೆ ಒಲೆಗೆ ಮುಖಮಾಡಿ ನಿಂತದ್ದಕ್ಕಿಂತ ಸಿಂಕಿಗೆ ಮುಖಮಾಡಿ ನಿಂತದ್ದೇ ಹೆಚ್ಚಾದೀತು. ಅಡುಗೆ ದಿನಕ್ಕೆರಡು ಸಲ ಮುಗಿಯುತ್ತದೆ. ತೊಳೆಯುವುದು ಮುಗಿಯಿತು ಅಂತ ಕೈ ಒರೆಸಿಕೊಳ್ಳುವಷ್ಟರಲ್ಲಿ ಯಾರೋ ಒಬ್ಬರು ಚಹಾ ಕುಡಿದ ಲೋಟ ತಂದಿಡುತ್ತಾರೆ.

ಲಿಂಗಸುಗೂರಿನ ನಮ್ಮ ಮಾಳಿಗೆ ಮನೆಯಲ್ಲಿದ್ದದ್ದು ಬೀಡಿನ ಸಿಂಕು. ಮೇಲೆ ಬಿಳಿ ಇನಾಮಲ್ಲು, ಕೆಳಗೆ ಕಪ್ಪು ಬೀಡು, ಅಂಚು ಹೆಬ್ಬೆರಳಷ್ಟು ದಪ್ಪ. ಯಾವುದೋ ಹಳೇ ಬಂಗಲೆಯ ಸಾಮಾನು ಹರಾಜಾದಾಗ ಮಾವನವರು ಅದನ್ನು ಬಂಡಿಯಲ್ಲಿ ಹೇರಿಕೊಂಡು ಬಂದರಂತೆ. ನೆಂಟರೆಲ್ಲ ಅದನ್ನು ‘ದೊರೆ ಸಿಂಕು’ ಅನ್ನುತ್ತಿದ್ದರು. ನಮ್ಮೂರಲ್ಲಿ ಹಿಂದೆ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಠಾಣ್ಯವಿತ್ತು. 1905ರವರೆಗೆ ಲಿಂಗಸುಗೂರು ನಿಜಾಮರ ರಾಜ್ಯದಲ್ಲಿ ಒಂದು ಜಿಲ್ಲೆಯೇ ಆಗಿತ್ತು. ಹಾಗಾಗಿ ಇಲ್ಲಿ ಮುರುಕು ಕುರ್ಚಿ ಸಿಕ್ಕರೂ ಅದರ ಮೇಲೊಬ್ಬ ದೊರೆಯನ್ನು ಕೂರಿಸದೆ ಬಿಡುವುದಿಲ್ಲ. ನನಗೇನೋ ಅದು ಹಟ್ಟಿಯ ಕಡೆಯಿಂದ ಬಂದದ್ದಿರಬೇಕು ಅನ್ನಿಸುತ್ತದೆ. ಹಟ್ಟಿ ಚಿನ್ನದ ಗಣಿ ನಮ್ಮ ತಾಲ್ಲೂಕಿನದೇ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಕಂಪನಿ ಕಟ್ಟಿ ಕೆಲಸ ಹೂಡಿದರು. ಗಣಿ ಇದ್ದಲ್ಲಿ ಭಾರದ ಕಬ್ಬಿಣಕ್ಕೆ ಬರವಿಲ್ಲ. ಆದರೆ ದೊರೆಯ ಕಥೆಗೆ ಇರುವ ಗತ್ತು ನನ್ನ ಊಹೆಗೆ ಎಲ್ಲಿಂದ ಬರಬೇಕು? ನೆಂಟರ ಮುಂದೆ ನಾನೂ ದೊರೆಯನ್ನೇ ಒಪ್ಪಿಕೊಂಡಿದ್ದೆ.

ಸಿಂಕು ಗೋಡೆ ಏರಿದ ಮೇಲೂ ಅತ್ತೆ ಅದರಲ್ಲಿ ಒಂದು ಭಾಂಡೆಯನ್ನೂ ತಿಕ್ಕಲಿಲ್ಲ. ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೂದಿ, ತೆಂಗಿನ ನಾರು, ಹುಣಸೆಹಣ್ಣು ಇಟ್ಟುಕೊಂಡು ತಿಕ್ಕುವುದೇ ಅವರಿಗೆ ಸೈ. “ನಿಂತ್ಕೊಂಡು ಭಾಂಡೆ ತಿಕ್ಕೋದಂದ್ರ ನಿಂತ್ಕೊಂಡು ಉಂಡಂಗ. ಮೈಗೆ ಹತ್ತಂಗಿಲ್ಲ” ಅನ್ನುತ್ತಿದ್ದರು. ಸಿಂಕಿನಲ್ಲಿ ಅಕ್ಕಿ ನೆನೆಯುತ್ತಿತ್ತು, ಸೊಪ್ಪು ಮುಳುಗುತ್ತಿತ್ತು, ಬೇಸಿಗೆಯಲ್ಲಿ ಮಾವಿನಹಣ್ಣು ತಣ್ಣಗಾಗುತ್ತಿದ್ದವು. ಮುಸುರೆ ಅದರೊಳಗೆ ಬೀಳತೊಡಗಿದ್ದು ನಾನು ಸೊಸೆಯಾಗಿ ಬಂದ ಮೇಲೆ.

ಅದಕ್ಕೆ ನನ್ನ ಸೋಮಾರಿತನ ಕಾರಣವೆಂದು ಅತ್ತೆಯ ತೀರ್ಪು. ನನ್ನ ವಾದ ಬೇರೆ. ಜೋಳ ಉಣ್ಣುವ ಮನೆಗೆ ಸಿಂಕಿನ ಅಗತ್ಯವೇ ಇಲ್ಲ. ರೊಟ್ಟಿಯನ್ನು ಅಂಗೈ ಮೇಲಿಟ್ಟುಕೊಂಡು, ಅದರ ಮೇಲೆ ಪಲ್ಯ, ಒಂದಿಷ್ಟು ಶೇಂಗಾ ಚಟ್ನಿ ಹಾಕಿಕೊಂಡರೆ ತಟ್ಟೆಯೂ ಬೇಡ. ಕೊಣಮಿಗೆಯಲ್ಲಿ ಅಂಟಿದ ಹಿಟ್ಟನ್ನು ಕೆರೆದು ನೀರು ಚೆಲ್ಲಿದರೆ ಆಯಿತು. ಹಂಚಿಗಂತೂ ನೀರನ್ನೇ ತೋರಿಸಬಾರದು. ಅನ್ನ ಬಂತೆಂದರೆ ಕತೆ ಬೇರೆ. ಅಕ್ಕಿ ತೊಳೆಯಲು ಒಂದು ಪಾತ್ರೆ, ಬೇಯಲು ಒಂದು, ಸಾರಿಗೊಂದು, ಮಜ್ಜಿಗೆಗೊಂದು, ತಲೆಗೊಂದು ತಟ್ಟೆ, ಇವೆಲ್ಲಕ್ಕೂ ಹಿಡಿದುಕೊಂಡ ಅಗುಳು. ಈ ಸೀಮೆಗೆ ದಿನದಿನದ ಅನ್ನ ಬಂದದ್ದು ಕಾಲುವೆ ನೀರಿನ ಹಿಂದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಎರೆಹೊಲಗಳು ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು, ಆಮೇಲೆ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಬಂದವು, ಎಲ್ಲರೂ ಅನ್ನ ಉಣ್ಣುವವರೇ. ಇಂದಿಗೂ ಲಿಂಗಸುಗೂರಿನಿಂದ ಸಿಂಧನೂರಿನ ಬಸ್ಸು ಹತ್ತಿದರೆ ಇತ್ತ ಜೋಳ, ತೊಗರಿ, ಸಜ್ಜೆ. ಮಸ್ಕಿ ದಾಟಿ ಮುಂದೆ ಹೋದಂತೆ ಕಣ್ಣು ಹರಿದಷ್ಟು ದೂರ ಭತ್ತ. ಅಡುಗೆಮನೆಯ ಸಿಂಕನ್ನು ನಾನು ಆ ಕಾಲುವೆಯ ಕಟ್ಟಕಡೆಯ ತೂಬು ಅಂತಲೇ ತಿಳಿದಿದ್ದೇನೆ. ಅತ್ತೆ ಇದನ್ನು ಪೂರ್ತಿ ಕೇಳಿಸಿಕೊಂಡು, “ಹಂಗಂತ ಮೈಗಳ್ಳಿ ಅಲ್ಲಂತೀಯಾ?” ಅಂದರು.

ಅಂಥ ಸಿಂಕು ಸೋರತೊಡಗಿತು. ಜಾಲಿಯ ಸುತ್ತ ಇನಾಮಲ್ಲು ಎದ್ದು, ಬೀಡಿಗೆ ತುಕ್ಕು ಹತ್ತಿ, ಗೋಡೆಯ ಮಣ್ಣು ನೀರು ಕುಡಿದು ಉಬ್ಬಿತ್ತು. ಪಕ್ಕದ ಇಳಕಲ್ಲಿನ ಕೆಂಪು ಗ್ರಾನೈಟು ಹಾಸಿ, ಸ್ಟೀಲು ಸಿಂಕು ಕೂರಿಸುವುದೆಂದು ಮನೆಯಲ್ಲಿ ಮಾತಾಯಿತು. ನೋಡಲು ಬಂದ ಗೌಂಡಿ ಬೆರಳ ಗೆಣ್ಣಿನಿಂದ ಒಮ್ಮೆ ಬಾರಿಸಿ, “ಅಕ್ಕಾರ, ಎಲ್ಡ್ ಏಟು ಹಾಕಿದ್ರ ತಾನಾಗೇ ಬಿಚ್ಚಿಕೊಂತೈತ್ರಿ” ಅಂದ. ಗುಜರಿಯವನನ್ನು ಕೇಳಿದರೆ, “ಬೀಡಿಗಿ ರೇಟಿಲ್ರಿ. ಒಡದು ಚೂರು ಮಾಡಿ ಕೊಟ್ರ ತಗೊಂತೀನಿ” ಅಂದ. ಒಬ್ಬರಾದರೂ ಬಿಚ್ಚುವ ಮಾತಾಡಲಿಲ್ಲ, ಎಲ್ಲರಿಗೂ ಒಡೆಯುವುದೇ ಬೇಕು. ಆಮೇಲೆ ಗೌಂಡಿಯೂ ಬೆಂಗಳೂರಿಗೆ ಗುಳೆ ಹೋದ. ಪಕ್ಕದ ಮನೆಯಿಂದ ಪೈಪ್ ಪಾನಾ ಇಸಿದುಕೊಂಡು ಬಂದೆ.

ಅತ್ತೆ ಬಾಗಿಲ ಹೊಸ್ತಿಲ ಮೇಲೆ ಕೂತು ಮೇಲ್ವಿಚಾರಣೆ ವಹಿಸಿಕೊಂಡರು.

“ನಿಂಗ್ಯಾಕಬೇ ಈ ಉಸಾಬರಿ?”

“ಅವ್ರು ಒಡಿತಾರ್ರಿ ಅತ್ತಿ.”

“ಒಡೀಲಿ. ಎತ್ತೂದು ತಪ್ಪತೈತಿ.”

ಬೀಡು ಒಡೆಯುತ್ತದೆ, ಅದು ನಿಜ. ಇದೇ ಅದರ ಸ್ವಭಾವದ ವಿಚಿತ್ರ. ಅದರಲ್ಲಿ ಇಂಗಾಲ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು. ಅದರಿಂದಾಗಿ ಉಕ್ಕಿಗಿಂತ ಕಡಿಮೆ ಶಾಖದಲ್ಲೇ, ಸುಮಾರು 1,200 ಡಿಗ್ರಿಗೆ ಕರಗಿ ನೀರಾಗಿ, ಸುರಿದ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅದೇ ಇಂಗಾಲದಿಂದ ಬಾಗುವ ಗುಣ ಹೋಗುತ್ತದೆ. ತಲೆಮಾರುಗಟ್ಟಲೆ ಭಾರ ಹೊರುವ ಬೀಡು ಸುತ್ತಿಗೆಯ ಒಂದು ಅಡ್ಡೇಟಿಗೆ ಸೀಳುತ್ತದೆ. ಮೇಲಿನ ಇನಾಮಲ್ಲಂತೂ ಗಾಜೇ: ಕೆಂಪಗೆ ಕಾದ ಬೀಡಿನ ಮೇಲೆ ಗಾಜಿನ ಪುಡಿ ಉದುರಿಸಿ ಕರಗಿಸಿ ಹಿಡಿಸುತ್ತಾರೆ. ಒಡೆದರೆ ಅಡುಗೆಮನೆಯ ತುಂಬ ಗಾಜು ಹಾರುತ್ತದೆ. ಬರಿಗಾಲಲ್ಲಿ ಓಡಾಡುವ ಮನೆಗೆ ಅದು ಆಗದ ಮಾತು.

ಕಬ್ಬಿಣದ ಮಾತು ಬಂತೆಂದರೆ ನಾನು ತವರಿನ ಕಡೆ ತಿರುಗಲೇಬೇಕು. ಮಸ್ಕಿ ಎಂದರೆ ಎಲ್ಲರಿಗೂ ಅಶೋಕನ ಶಾಸನ. ಅದನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಗಣಿ ಇಂಜಿನಿಯರು. ಬಂಗಾರ ಹುಡುಕುವ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರ ಬಿತ್ತು, ಅದರಲ್ಲಿ ದೇವಾನಾಂಪ್ರಿಯನ ಜತೆಗೆ ಅಶೋಕ ಎಂಬ ಹೆಸರೂ ಇತ್ತು. ನಮ್ಮೂರಿನವರು ಅಲ್ಲಿಗೇ ನಿಲ್ಲಿಸಿ ಎದೆಯುಬ್ಬಿಸುತ್ತಾರೆ. ಇನ್ನೊಂದು ಸಂಗತಿ ಅಷ್ಟು ಪ್ರಸಿದ್ಧವಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಅಗೆಸಿದಾಗ ಅಶೋಕನಿಗಿಂತ ಹಿಂದಿನ ಬೃಹತ್ ಶಿಲಾಯುಗದ ಪದರದಲ್ಲಿ ಕಬ್ಬಿಣದ ಸಾಮಾನುಗಳು ಸಿಕ್ಕವು. ಆ ಜನರ ಕುಲುಮೆಗೆ ಕಬ್ಬಿಣವನ್ನು ಕರಗಿಸಿ ಸುರಿಯುವಷ್ಟು ಶಾಖವಿರಲಿಲ್ಲ. ಕೆಂಡದಿಂದ ತೆಗೆದ ಮೆತ್ತನೆ ಮುದ್ದೆಯನ್ನು ಬಡಿದು ಬಡಿದು ಕಿಟ್ಟ ತೆಗೆದು ಕತ್ತಿ, ಕೊಡಲಿ ಮಾಡುತ್ತಿದ್ದರು. ಬಡಿದಷ್ಟೂ ಗಟ್ಟಿಯಾಗುವ ಕಬ್ಬಿಣದ ಊರಿಂದ ಬಂದವಳು ಬಡಿದರೆ ಒಡೆಯುವ ಕಬ್ಬಿಣದ ಮುಂದೆ ಮಂಡಿಯೂರಿದ್ದೆ.

ಮಂಡಿಯೂರಿದ್ದು ಅಂದದ್ದು ಅಲಂಕಾರಕ್ಕಲ್ಲ. ಮಾಳಿಗೆ ಮೇಲಿನ ಟಾಕಿಯ ವಾಲ್ವು ತಿರುವಿ, ನಳ ಬತ್ತುವ ತನಕ ಬಿಟ್ಟು, ಸಿಂಕಿನ ಕೆಳಗೆ ತಲೆ ತೂರಿಸಿದರೆ ಅದೊಂದು ಬೇರೆಯೇ ಓಣಿ. ಈಚೆಗೆ ಯಾರೋ ಹಾಕಿದ್ದ ಪ್ಲಾಸ್ಟಿಕ್ ಪೈಪು ಎಳೆದ ಕೂಡಲೇ ಕೈಗೆ ಬಂತು. ಅದರ ಮೇಲಿನ ಹಿತ್ತಾಳೆ ನಟ್ಟು ಮಾತ್ರ ಪಾನಾಕ್ಕೆ ಜಗ್ಗಲಿಲ್ಲ. ಚಿಂದಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದಕ್ಕೆ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಸಿನೀರು ಹೊಯ್ದೆ. ಮನೆಯವರು ಪಾನಾದ ಹಿಡಿಕೆಗೆ ಒಂದು ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಟ್ಟರು, ಅದರಿಂದ ಪಾನಾ ಜಾರಿತೇ ಹೊರತು ನಟ್ಟು ಜಾರಲಿಲ್ಲ. ಕೊನೆಗೆ ಗರಗಸದ ಬ್ಲೇಡನ್ನು ಚೌಕಟ್ಟಿನಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ನಟ್ಟನ್ನೇ ಅಡ್ಡ ಕೊಯ್ಯಲು ಕೂತೆ.

ಆ ಕೊಯ್ತದ ಸುಖವನ್ನು ಹೇಳದಿದ್ದರೆ ತಪ್ಪಾದೀತು. ಮೊದಲು ಹಸಿರು ಕಿಲುಬು ಉದುರಿತು, ಆಮೇಲೆ ಕಂದು, ಅದರ ಒಳಗಿಂದ ಹೊಚ್ಚಹೊಸ ಹಳದಿ. ಅಷ್ಟು ವರ್ಷ ಮುಸುರೆ ನೀರು ಕುಡಿದ ಲೋಹ ಒಳಗೆ ಹೀಗಿದೆ ಅಂತ ಯಾರಿಗೆ ಗೊತ್ತಿತ್ತು! ಪುಡಿ ಮಣಿಕಟ್ಟಿನ ಮೇಲೆ, ಬಳೆಗಳ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಕೂತಿತು. ಹಟ್ಟಿಯ ಗಣಿ ಕೂಲಿಯವಳು ಅಂತ ನನ್ನಷ್ಟಕ್ಕೆ ನಕ್ಕೆ. ಕೊಯ್ದ ಸಂದಿಗೆ ಉಳಿಯಿಟ್ಟು ಮೆಲ್ಲಗೆ ತಟ್ಟಿದಾಗ ನಟ್ಟು ಟಕ್ಕೆಂದು ಬಾಯಿಬಿಟ್ಟಿತು. ಒಳಗೆ ನೋಡಿದರೆ ಹಿತ್ತಾಳೆ ತಾಕಿದ ಸುತ್ತಿನಲ್ಲಷ್ಟೇ ಬೀಡು ಬೆರಳಿಗೆ ಉದುರುವಷ್ಟು ತಿಂದುಹೋಗಿತ್ತು. ಎರಡು ಲೋಹ ಒಂದನ್ನೊಂದು ತಾಕಿಕೊಂಡು ಉಪ್ಪುನೀರಿನಲ್ಲಿ ನಿಂತರೆ ಸವೆಯುವುದು ಕಬ್ಬಿಣವೇ. ಹಿತ್ತಾಳೆ ಅದರ ಖರ್ಚಿನಲ್ಲಿ ಹಾಯಾಗಿರುತ್ತದೆ. ಬೇರೆಲ್ಲ ಕಡೆ ಸಿಂಕು ಗಟ್ಟಿಯಾಗಿತ್ತು.

ಗೋಡೆಯಂಚಿನ ಗಾರೆ ಉಳಿಯ ತುದಿಗೆ ತಾನಾಗಿಯೇ ಉದುರಿತು. ಅದರ ಮೇಲೆ ಆಮೇಲಾಮೇಲೆ ಮೆತ್ತಿದ ಸಿಮೆಂಟು ಮಾತ್ರ ಮೊಂಡುಬಿತ್ತು. ಹಳೆಯ ಕೆಲಸವನ್ನು ಬಿಚ್ಚುವಾಗ ಕಾಡುವುದು ಹಳಬರಲ್ಲ, ನಡುವೆ ಬಂದು ತೇಪೆ ಹಾಕಿದವರು.

ಇಳಿಸುವ ದಿನ ಪಕ್ಕದ ಮನೆಯ ಹುಡುಗ ಬಂದ. ಅವನು ಸಿಂಧನೂರಿನ ಗಂಜಿನಲ್ಲಿ ಹಮಾಲಿ. ಅಲ್ಲಿ ಭತ್ತದ ಚೀಲವೆಂದರೆ 75 ಕೆ.ಜಿ.; ನಮ್ಮ ಸಿಂಕು ಅದಕ್ಕಿಂತ ಎಷ್ಟೋ ಹಗುರ. ಆದರೂ ಅವನು ಸುತ್ತ ಒಮ್ಮೆ ನೋಡಿ, “ಚೀಲ ಬೆನ್ನಿಗಿ ಕುಂದರತೈತ್ರಿ ಅಕ್ಕಾರ, ಇದು ಕುಂದರಂಗಿಲ್ಲ” ಅಂದ. ಎರಡು ಹಲಗೆಗಳನ್ನು ನೆಲಕ್ಕೆ ಇಳಿಜಾರಾಗಿ ಕೊಟ್ಟು, ಮೇಲೆ ಗೋಣಿತಾಟು ಹಾಸಿ, ಅಂಚಿಗೆ ಹಗ್ಗ ಬಿಗಿದೆವು. ಮನೆಯವರೂ ನಾನೂ ಹಗ್ಗ ಹಿಡಿದೆವು, ಹುಡುಗ ಕೆಳಗಿನಿಂದ ಹಾರೆ ಕೊಟ್ಟು ಎಬ್ಬಿಸಿದ. ಗೋಡೆಯೊಳಗಿನ ಕಬ್ಬಿಣದ ಕೊಕ್ಕೆಗಳಿಂದ ಸಿಂಕು ಒಮ್ಮೆ ನರಳಿ ಎದ್ದು, ಗೋಣಿಯ ಮೇಲೆ ಕೂತು, ನಿಧಾನಕ್ಕೆ ಜಾರಿ ನೆಲ ಮುಟ್ಟಿತು. ಒಂದು ಚೂರೂ ಸಿಡಿಯಲಿಲ್ಲ. ಅತ್ತೆ ಹೊಸ್ತಿಲಿಂದ ಎದ್ದು ಬಂದು ಅದರ ಹೊಟ್ಟೆಯ ಕೆಳಗೆ ಕೈಯಾಡಿಸಿದರು.

ಸ್ಟೀಲು ಸಿಂಕನ್ನು ಸಿಂಧನೂರಿನಿಂದ ತಂದೆವು. ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹೊಳೆಯುತ್ತದೆ. ಚಮಚ ಬಿದ್ದರೆ ಓಣಿಗೆಲ್ಲ ಕೇಳುತ್ತದೆ.

ಬೀಡಿನ ಸಿಂಕನ್ನು ಹಿತ್ತಲಲ್ಲಿ, ನಳದ ಕೆಳಗೆ, ಎರಡು ಸಾಲು ಇಟ್ಟಿಗೆ ಕಟ್ಟಿ ಕೂರಿಸಿದ್ದೇವೆ. ತಿಂದುಹೋದ ತೂತಿನಿಂದ ನೀರು ನೇರ ಬಾಳೆಯ ಬುಡಕ್ಕೆ ಹೋಗುತ್ತದೆ. ಮೊದಲನೇ ದಿನವೇ ಅತ್ತೆ ಮಣೆ ಎಳೆದುಕೊಂಡು ಅದರ ಮುಂದೆ ಕೂತರು. ಬೂದಿ ಬಟ್ಟಲನ್ನು ಬಿಳಿ ಅಂಚಿನ ಮೇಲೆ ಇಟ್ಟು, ಹಾಲಿನ ಪಾತ್ರೆಯೊಂದನ್ನು ತಿಕ್ಕಿ ತೊಳೆದು, ಬೋರಲು ಹಾಕಿ, “ಇದು ಇರಬೇಕಾದ ಜಾಗ ಇದ ನೋಡು. ಅವ್ರು ಗ್ವಾಡಿಗಿ ಯಾಕ ಏರಿಸಿದ್ರೋ” ಅಂದರು. ಆಮೇಲೆ ತಲೆಯೆತ್ತಿ ನಳವನ್ನು ದಿಟ್ಟಿಸಿದರು. ನೀರು ಮೇಲಿನಿಂದ ಬಿದ್ದು ಸೀರೆಗೆ ಸಿಡಿಯುತ್ತದಂತೆ, ಒಂದು ಗೇಣು ಕೆಳಗೆ ಇಳಿಸಬೇಕಂತೆ. ಪಕ್ಕದ ಮನೆಯವರ ಪೈಪ್ ಪಾನಾ ಇನ್ನೂ ನಮ್ಮಲ್ಲೇ ಇದೆ.